ಕಳ್ಳ ಕೇಳಿದ ವರದಕ್ಷಿಣೆ

ಮದ್ದೂರಿನಲ್ಲಿ ಫೋನಿಗೆ ಸಿಗ್ನಲ್ ಹೋದರೆ ಯಾರೂ ಗಾಬರಿಯಾಗುವುದಿಲ್ಲ. ಕರೆಂಟು ಹೋಗುತ್ತದೆ, ನಲ್ಲಿಯಲ್ಲಿ ನೀರು ನಿಲ್ಲುತ್ತದೆ, ಅವುಗಳ ಜೊತೆಗೆ ಇದೂ ಒಂದು. ಆ ಗುರುವಾರ ಮಧ್ಯಾಹ್ನ ನನ್ನ ಫೋನಿನ ಮೂಲೆಯಲ್ಲಿದ್ದ ಕಡ್ಡಿಗಳು ಮಾಯವಾದಾಗ ಊರಿನ ರೂಢಿಯಂತೆ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಫೋನು ಆಫ್ ಮಾಡಿ ಆನ್ ಮಾಡಿದೆ. ತಾರಸಿಗೆ ಹತ್ತಿ ಕೈ ಮೇಲೆತ್ತಿ ನಿಂತೆ. ಸಿಮ್ಮನ್ನು ಹೊರಗೆ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಉಫ್ ಎಂದು ಊದಿ ಮತ್ತೆ ಹಾಕಿದೆ. ಟವರಿನವರನ್ನು ಮನಸಾರೆ ಬೈದೆ. ಆಮೇಲೆ ಊಟ ಮಾಡಿ ಮಲಗಿದೆ. ನಾನು ಗೊರಕೆ ಹೊಡೆಯುತ್ತಿದ್ದಾಗ ಎಲ್ಲೋ ದೂರದ ರಾಜ್ಯದಲ್ಲಿ ಇನ್ನೊಬ್ಬ ನಾನು ಎದ್ದು ಕೂತು ಕೆಲಸ ಶುರು ಮಾಡಿದ್ದ.

ನಾನು ಹೈಸ್ಕೂಲಿನ ಹೆಡ್ಮಾಸ್ಟರಾಗಿ ನಿವೃತ್ತನಾದವನು. ಅಂದರೆ ಬುದ್ಧಿ ಹೇಳುವುದು ನನಗೆ ಉಸಿರಾಟದಷ್ಟೇ ಸಲೀಸು. ಫೋನಿನ ಮೋಸಗಳ ಬಗ್ಗೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಎಷ್ಟು ಸಲ ಭಾಷಣ ಬಿಗಿದಿದ್ದೇನೋ ಲೆಕ್ಕವಿಲ್ಲ. ಫೋನಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬಾರದು, ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ಹೇಳಬಾರದು ಎನ್ನುವುದು ನನ್ನ ಮಂತ್ರ. ನಾನೂ ಅದನ್ನು ಪಾಲಿಸಿದೆ. ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ನಿಂತು ಒಟಿಪಿ ಕೇಳಿದರೆ ಅವನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿಯೇ ಹೇಳುತ್ತಿದ್ದೆ. ಇಂಥ ಜಾಗ್ರತೆಯ ಮನುಷ್ಯನಿಗೆ ಈ ಕಳ್ಳ ಮಾಡಿದ ಅವಮಾನವೆಂದರೆ, ಅವನು ನನ್ನನ್ನು ಏನೂ ಕೇಳಲೇ ಇಲ್ಲ. ಒಂದು ಫೋನು ಮಾಡಲಿಲ್ಲ, ಒಂದು ಲಿಂಕು ಕಳಿಸಲಿಲ್ಲ. ನನಗೆ ಮೋಸ ಮಾಡುವ ಕಷ್ಟವನ್ನೂ ತೆಗೆದುಕೊಳ್ಳದೆ, ನನ್ನನ್ನು ಇದ್ದಲ್ಲೇ ಬಿಟ್ಟು ನನ್ನ ನಂಬರನ್ನು ಮಾತ್ರ ಎತ್ತಿಕೊಂಡು ಹೋದ.

ಇದೆಲ್ಲ ನನಗೆ ಗೊತ್ತಾಗಿದ್ದು ಶನಿವಾರ. ಶುಕ್ರವಾರವನ್ನು ನಾನು ನೆಮ್ಮದಿಯಾಗಿ ಕಳೆದೆ. ಫೋನಿಲ್ಲದ ದಿನ ಎಷ್ಟು ಹಿತ ಎಂದು ಹೆಂಡತಿಗೆ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಶನಿವಾರ ಪೇಟೆಯ ಫೋನಿನ ಅಂಗಡಿಗೆ ಹೋದರೆ ಅಲ್ಲಿದ್ದವನು ಕಂಪ್ಯೂಟರ್ ನೋಡಿ, ನಿಮ್ಮ ನಂಬರು ಚೆನ್ನಾಗಿಯೇ ನಡೀತಿದೆ ಸಾರ್, ಆದರೆ ನಿಮ್ಮ ಸಿಮ್ಮಿನಲ್ಲಿ ಅಲ್ಲ ಎಂದ. ಯಾರೋ ನನ್ನ ಹೆಸರಿನ ಗುರುತಿನ ಚೀಟಿಗೆ ತನ್ನ ಫೋಟೋ ಅಂಟಿಸಿ, ಸಿಮ್ಮು ಕಳೆದುಹೋಗಿದೆ ಎಂದು ಗೋಳಾಡಿ, ಅದೇ ನಂಬರಿಗೆ ಹೊಸ ಸಿಮ್ಮು ಪಡೆದಿದ್ದನಂತೆ. ಹೊಸದು ಚಾಲೂ ಆದ ಕೂಡಲೇ ಹಳೆಯದು ಸತ್ತುಹೋಗುತ್ತದಂತೆ. ನಂಬರು ಕೈಗೆ ಬಂದರೆ ಮುಗಿಯಿತು. ಮೇಲ್ ಖಾತೆಗೆ ಹೋಗಿ ಪಾಸ್‌ವರ್ಡ್ ಮರೆತಿದ್ದೇನೆ ಎನ್ನುತ್ತಾನೆ. ಅದು ಪಾಪ, ನಿಮ್ಮ ನಂಬರಿಗೆ ಒಟಿಪಿ ಕಳಿಸಿದ್ದೇನೆ ನೋಡಿ ಎನ್ನುತ್ತದೆ. ಒಟಿಪಿ ನೇರವಾಗಿ ಕಳ್ಳನ ಜೇಬಿಗೇ ಬಂದು ಬೀಳುತ್ತದೆ. ಮೆಸೇಜು ಕಳಿಸುವ ಆ್ಯಪೂ ಹಾಗೆಯೇ. ಯಾರಿಗೂ ಹೇಳಬಾರದ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ, ನಿಜ. ಅದು ನನಗೇ ಗೊತ್ತಾಗಲಿಲ್ಲ.

ನನ್ನ ಹುಟ್ಟಿದ ದಿನ, ಪೂರ್ತಿ ಹೆಸರು, ಅಪ್ಪನ ಹೆಸರು ಇವೆಲ್ಲ ಅವನಿಗೆ ಹೇಗೆ ಸಿಕ್ಕವು ಎಂದು ಅಂಗಡಿಯವನು ಕೇಳಿದ. ಹೇಗೆ ಸಿಗಬಾರದು ಎಂದು ಕೇಳಿದ್ದರೆ ಸರಿಯಾಗಿರುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಮನುಷ್ಯ ಬೆಳೆದ ಎನ್ನುವುದಕ್ಕೆ ಸಾಕ್ಷಿ ಫ್ಲೆಕ್ಸು. ಹುಟ್ಟಿದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು, ಸೊಸೈಟಿ ಚುನಾವಣೆಯಲ್ಲಿ ಸೋತರೂ ಮತ ಕೊಟ್ಟವರಿಗೆ ಕೃತಜ್ಞತೆಯ ಫ್ಲೆಕ್ಸು. ನಾನು ನಿವೃತ್ತನಾದಾಗ ಹಳೆಯ ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿನ ಹತ್ತಿರ ಎತ್ತಿನ ಗಾಡಿಯಷ್ಟು ಅಗಲದ ಫ್ಲೆಕ್ಸು ಕಟ್ಟಿದ್ದರು. ಅದರಲ್ಲಿ ಕೈಮುಗಿದ ನಾನು, ಇಂಥವರ ಮಗ ಇಂಥವರು ಎಂಬ ವಿವರ, ಹುಟ್ಟಿದ ದಿನ, ಕೆಳಗೆ ಶುಭ ಕೋರಲು ಬಯಸುವವರಿಗೆ ನನ್ನ ಮೊಬೈಲ್ ನಂಬರು. ಅದರ ಫೋಟೋ ತೆಗೆದು ನಾನೇ ಎಲ್ಲ ಗ್ರೂಪಿಗೂ ಹಾಕಿದ್ದೆ. ಮೂಲೆಯಲ್ಲಿ ಅಕ್ಷರ ಮಸುಕಾಗಿದೆ ಎಂದು ಜಗಳವಾಡಿ ಎರಡನೆಯ ಸಲ ಚೆನ್ನಾಗಿ ತೆಗೆಸಿ ಹಾಕಿದ್ದೆ. ಕಳ್ಳನಿಗೆ ಕಣ್ಣು ನೋಯಬಾರದಲ್ಲ.

ಅದೃಷ್ಟಕ್ಕೆ ನನ್ನ ಹಣ ಉಳಿಯಿತು. ಅದಕ್ಕೆ ನನ್ನ ಜಾಣತನ ಕಾರಣವೆಂದು ಯಾರೂ ತಿಳಿಯಬಾರದು. ನನ್ನ ಪಿಂಚಣಿ ಉಳಿತಾಯವೆಲ್ಲ ಊರಿನ ಒಂದು ಸಣ್ಣ ಸಹಕಾರ ಸಂಘದಲ್ಲಿದೆ. ಅಲ್ಲಿ ಆ್ಯಪು ಇಲ್ಲ, ಸರ್ವರು ಯಾವಾಗಲೂ ಡೌನು, ದುಡ್ಡು ಬೇಕೆಂದರೆ ನಾನೇ ಹೋದರೂ ಸಿಗುವುದಿಲ್ಲ. ಜಗತ್ತಿನ ಯಾವ ಕಳ್ಳನೂ ಆ ಕೌಂಟರಿನ ಮುಂದೆ ನಿಂತು ಗೆಲ್ಲಲಾರ. ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಇದ್ದದ್ದು ಅವನಿಗೆ ಕಾಫಿಗೂ ಸಾಲದಷ್ಟು. ಹಾಗಾಗಿ ಅವನು ನನ್ನನ್ನು ಬಿಟ್ಟು ನನ್ನ ನೆಂಟರಿಷ್ಟರ ಕಡೆ ತಿರುಗಿದ.

ಇಲ್ಲಿ ನನ್ನ ಮಗನ ವಿಷಯ ಹೇಳಬೇಕು. ಅವನು ಮಳವಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಆಗಷ್ಟೇ ಅವನಿಗೆ ಹೊಳಲಿನ ಹುಡುಗಿಯೊಂದಿಗೆ ನಿಶ್ಚಿತಾರ್ಥವಾಗಿತ್ತು. ಹುಡುಗಿ ಮಂಡ್ಯದ ಕಾಲೇಜೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಅವಳಪ್ಪ ಕಬ್ಬು ಭತ್ತ ಬೆಳೆಯುವ ಅನುಕೂಲಸ್ಥರು, ಮನೆಯ ಮುಂದೆ ಹಳ್ಳಿಕಾರ್ ಜೋಡೆತ್ತು ಕಟ್ಟಿ ಅವುಗಳ ಮೈ ನೇವರಿಸುವುದನ್ನೇ ಭಾಗ್ಯ ಎಂದುಕೊಂಡವರು. ಅವರ ಮನೆಯಂಗಳದಲ್ಲಿ, ಎರಡು ಕಡೆಯ ನೆಂಟರೂ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಾಗ, ನಾನು ಎದ್ದು ನಿಂತು ವರದಕ್ಷಿಣೆ ಒಂದು ರೂಪಾಯಿ ಬೇಡ, ಒಡವೆ ಬೇಡ, ಗಾಡಿ ಬೇಡ ಎಂದು ಘೋಷಿಸಿದ್ದೆ. ಕೂತುಕೊಂಡೂ ಹೇಳಬಹುದಿತ್ತು. ಆದರೆ ಹೆಡ್ಮಾಸ್ಟರು ನೋಡಿ. ಶಿವಪುರದ ಸತ್ಯಾಗ್ರಹ ಸೌಧದಲ್ಲಿ ವರದಕ್ಷಿಣೆಯ ಪಿಡುಗಿನ ಬಗ್ಗೆ ಹಿಂದೆ ಮಾತಾಡಿದ್ದ ಭಾಷಣ ಅಷ್ಟೊತ್ತಿಗೆ ಬಾಯಿಗೆ ಬಂದುಬಿಟ್ಟಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮಗ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದ. ಹುಡುಗಿ ಮೊದಲ ಸಲ ನನ್ನ ಕಡೆ ನೋಡಿ ನಕ್ಕದ್ದು ಆಗಲೇ. ಆ ನಗು ನನಗೆ ತುಂಬ ಇಷ್ಟವಾಯಿತು. ಈ ಮಗು ನಮ್ಮ ಮನೆಗೆ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಫೋನಿನಲ್ಲಿ ಅವಳಪ್ಪನ ನಂಬರನ್ನು ನಾನು ‘ಬೀಗರು ಹೊಳಲು’ ಎಂದು ಬರೆದಿಟ್ಟುಕೊಂಡಿದ್ದೆ. ಕಳ್ಳ ನನ್ನ ಮೇಲ್ ಖಾತೆಗೆ ನುಗ್ಗಿದಾಗ ಅಲ್ಲಿದ್ದ ಹೆಸರುಗಳೆಲ್ಲ ಅವನ ಮುಂದೆ ಸಾಲಾಗಿ ನಿಂತವು. ಭಾವಮೈದ, ಷಡ್ಡಕ, ಬೀಗರು ಎಂದು ನಾನೇ ಒಬ್ಬೊಬ್ಬರ ಹಣೆಗೂ ಚೀಟಿ ಅಂಟಿಸಿ ಇಟ್ಟಿದ್ದೆನಲ್ಲ. ಅವನ ಕೆಲಸ ಹಗುರವಾಯಿತು. ಎಲ್ಲರಿಗೂ ಒಂದೇ ಮಾತು ಹೋಯಿತು: ಅರ್ಜೆಂಟಾಗಿ ದುಡ್ಡು ಬೇಕಾಗಿದೆ, ಫೋನ್ ಮಾಡಬೇಡಿ, ಮಾತಾಡುವ ಸ್ಥಿತಿಯಲ್ಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಬೇಡಿ, ಕೆಳಗಿನ ನಂಬರಿಗೆ ಹಾಕಿ.

ನನ್ನ ಬಂಧುಬಳಗ ಈ ಪರೀಕ್ಷೆಯಲ್ಲಿ ಪಾಸಾದ ರೀತಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಹಲಗೂರಿನ ಭಾವಮೈದ ಆ ಮೆಸೇಜು ನೋಡಿದವನು ಮೂರ್ನಾಲ್ಕು ದಿನ ತನ್ನ ಫೋನನ್ನೇ ಆಫ್ ಮಾಡಿಟ್ಟಿದ್ದ. ನನ್ನ ಹಳೆಯ ಸಹೋದ್ಯೋಗಿ ಒಬ್ಬರು ಅದನ್ನು ಓದಿಯೂ ಓದದವರಂತೆ ಕಳ್ಳನಿಗೆ ಬೆಳಿಗ್ಗೆ ಸೂರ್ಯೋದಯದ ಚಿತ್ರ, ಸಂಜೆ ಆರೋಗ್ಯದ ಕಿವಿಮಾತು ಕಳಿಸುತ್ತ ಹೋದರು. ಕಳ್ಳ ಪ್ರತಿಯೊಂದಕ್ಕೂ ಕೈಮುಗಿದ ಬೊಂಬೆ ಹಾಕಿದ್ದನಂತೆ. ಆ ಮೂರ್ನಾಲ್ಕು ದಿನ ನೀವು ಬಲು ಮರ್ಯಾದೆಯಿಂದ ನಡೆದುಕೊಂಡಿರಿ ಎಂದು ಅವರು ಆಮೇಲೆ ಮನಸಾರೆ ಹೊಗಳಿದರು. ಮರ್ಯಾದೆ ಎಲ್ಲಿಂದ ಬಂತು ಎಂದು ಅವರಿಗೆ ಅನುಮಾನ ಬರಲಿಲ್ಲ.

ನಂಬರು ವಾಪಸು ಪಡೆಯಲು ಮಂಡ್ಯಕ್ಕೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆ. ಅಲ್ಲಿದ್ದ ಹೆಣ್ಣುಮಗಳು, ಸಿಗ್ನಲ್ ಹೋದ ದಿನವೇ ಬೇರೆಯವರ ಫೋನಿಂದ ಕಂಪನಿಗೆ ತಿಳಿಸಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದಳು. ನಾನು ತಾರಸಿಯ ಮೇಲೆ ಕೈ ಎತ್ತಿ ನಿಂತಿದ್ದ ವಿಷಯ ಹೇಳಲಿಲ್ಲ. ಸೋಮವಾರ ಸಂಜೆ ನನ್ನ ನಂಬರು ನನ್ನ ಕೈಗೆ ಬಂತು. ಕೂಡಲೇ ಎಲ್ಲರಿಗೂ ಬರೆದೆ: ನನ್ನ ನಂಬರು ಕಳ್ಳನ ಪಾಲಾಗಿತ್ತು, ದುಡ್ಡು ಕೇಳಿದವನು ನಾನಲ್ಲ, ದಯವಿಟ್ಟು ಕ್ಷಮಿಸಿ. ಒಬ್ಬೊಬ್ಬರೇ ಸಮಾಧಾನದ ಮಾತು ಕಳಿಸಿದರು. ಭಾವಮೈದ ಹೇಗೋ ಸುದ್ದಿ ತಿಳಿದು ತಕ್ಷಣ ಫೋನು ಆನ್ ಮಾಡಿ, ಹೇಳಿದ್ದರೆ ಎಷ್ಟು ಬೇಕಾದರೂ ಕೊಡುತ್ತಿದ್ದೆನಲ್ಲ ಎಂದ. ಬೀಗರಿಂದ ಮಾತ್ರ ಉತ್ತರವಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮಗನನ್ನು ಕೇಳಿದೆ. ಅವಳೂ ಶುಕ್ರವಾರದಿಂದ ಸರಿಯಾಗಿ ಮಾತಾಡುತ್ತಿಲ್ಲ, ಏನೋ ಸಿಟ್ಟು, ಸರಿಹೋಗ್ತಾಳೆ ಬಿಡಿ ಎಂದು ಅವನು ಮಲಗಲು ಹೋದ.

ಬೀಗರು ಏನೆಂದುಕೊಂಡಿರಬಹುದು ಎಂದು ನನಗೆ ಆಗ ಹೊಳೆಯಿತು. ವರದಕ್ಷಿಣೆ ಬೇಡ ಎಂದು ಅಂಗಳದ ತುಂಬ ಕೂಗಿದವನು ಗುಟ್ಟಾಗಿ ಮೆಸೇಜಿನಲ್ಲಿ ಕೈ ಚಾಚಿದ್ದಾನೆ. ಈಗ ಸಿಕ್ಕಿಬಿದ್ದ ಮೇಲೆ ಕಳ್ಳನ ಕಥೆ ಕಟ್ಟುತ್ತಿದ್ದಾನೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ತಿಳಿಯುತ್ತಿದ್ದೆ. ಸಂಬಂಧ ಮುರಿದುಬಿದ್ದರೆ ಎಂಬ ಭಯಕ್ಕೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಹೆಂಡತಿಯನ್ನು ಕರೆದುಕೊಂಡು ಮಂಡ್ಯದ ಬಸ್ಸು ಹತ್ತಿ, ಅಲ್ಲಿಂದ ಹೊಳಲಿಗೆ ಹೋದೆ. ಪೊಲೀಸರು ಕೊಟ್ಟ ದೂರಿನ ಪ್ರತಿ ಜೇಬಿನಲ್ಲಿತ್ತು. ನಾನು ಕಳ್ಳನಲ್ಲ ಎಂದು ತೋರಿಸಲು ಸರ್ಕಾರದ ಮೊಹರು ಬೇಕಾಗಿ ಬಂದದ್ದು ಅದೇ ಮೊದಲು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ನಾನು ತಾಲೀಮು ಮಾಡುತ್ತಿದ್ದೆ. ಹೆಂಡತಿ ಕಿಟಕಿಯ ಕಡೆ ತಿರುಗಿ ಕೂತು, ನೀವು ಮಾತು ಕಮ್ಮಿ ಮಾಡಿದ್ರೆ ಸಾಕು ಎಂದಳು.

ಬೀಗರು ಅಂಗಳದಲ್ಲೇ ಇದ್ದರು. ಎತ್ತುಗಳು ಅವರ ಪಕ್ಕದಲ್ಲಿದ್ದವು. ನಾನು ಬೈಗುಳಕ್ಕೆ ತಯಾರಾಗಿ ಬಂದಿದ್ದರೆ ಅವರು ಎದ್ದು ಬಂದು ಕೈ ಹಿಡಿದುಕೊಂಡು, ನಗುನಗುತ್ತ ಜಗುಲಿಗೆ ಕರೆದೊಯ್ದು ಕೂರಿಸಿದರು. ಫೋನು ಯಾಕೆ ಎತ್ತಲಿಲ್ಲ ಎಂದರೆ, ಇಂಥ ಮಾತನ್ನು ಫೋನಿನಲ್ಲಿ ಆಡಬಾರದು ಎಂದರು. ಕೇಳಿದವನು ನಾನಲ್ಲ ಎಂದು ಬರೆದದ್ದನ್ನು ಸಂಕೋಚದ ಮಾತೆಂದು ತಿಳಿದಿದ್ದರಂತೆ. ನಾನು ಕಾಗದ ತೆಗೆದು ಮೊದಲಿನಿಂದ ಎಲ್ಲ ಹೇಳಿದೆ. ಸಿಮ್ಮು, ಕಳ್ಳ, ದೂರದ ರಾಜ್ಯ ಎಲ್ಲ. ಹೇಳುತ್ತ ಹೋದಂತೆ ಅವರ ಮುಖ ಅರಳಬೇಕಿತ್ತು. ಅದು ಬಾಡುತ್ತ ಬಂತು.

“ಅಂಗಾರೆ ಬೀಗ್ರೆ, ನಿಮ್ಗೆ ನಿಜ್ವಾಗ್ಲೂ ಏನೂ ಬ್ಯಾಡ್ವಾ?” ಎಂದರು.

ಬೇಡ ಎಂದೆ. ಅವರು ತಲೆ ಕೆರೆದುಕೊಂಡರು. “ನೀವು ಅವತ್ತು ಬ್ಯಾಡ ಅಂದಾಗಿಂದ ನನಗೆ ನಿದ್ದೆ ಇಲ್ಲ ಕಣಿ. ಏನೂ ಕೇಳ್ದೆ ಇರೋರು ಯಾರವ್ರೆ? ಉಡುಗನಲ್ಲಿ ಏನೋ ಐಬು ಇರ್ಬೇಕು ಅಂತ ಊರೋರೆಲ್ಲ ಕಿವಿ ಕಚ್ಚಿದ್ರು. ನಿಮ್ಮ ಮೆಸೇಜು ಬಂದ್ಮೇಲೆ ಕಣಿ ನಾನು ನೆಮ್ಮದಿಯಾಗಿ ಮಲಗಿದ್ದು.”

ನನ್ನ ಶಿವಪುರದ ಭಾಷಣಕ್ಕೆ ಇಷ್ಟು ವರ್ಷಗಳ ನಂತರ ಸಿಕ್ಕ ನಿಜವಾದ ವಿಮರ್ಶೆ ಅದು. ನನ್ನನ್ನು ಊರು ನಂಬಿರಲಿಲ್ಲ. ಕಳ್ಳನನ್ನು ಒಂದು ಸಲಕ್ಕೇ ನಂಬಿತ್ತು. ಮಾತಾಡಬೇಡಿ, ಯಾರಿಗೂ ಹೇಳಬೇಡಿ, ಬೇಗ ಕಳಿಸಿ ಎಂದು ಕಳ್ಳ ಬರೆದದ್ದು ಗಂಡಿನ ಕಡೆಯವರು ಯಾವತ್ತೂ ಆಡುವ ಮಾತೇ ಆದ್ದರಿಂದ ಅದರಲ್ಲಿ ಅನುಮಾನ ಪಡುವಂಥದ್ದು ಬೀಗರಿಗೆ ಏನೂ ಕಾಣಲಿಲ್ಲ.

ದುಡ್ಡು ಕಳಿಸಿಬಿಟ್ಟಿರಾ ಎಂದು ಹೆಂಡತಿ ಹೆದರುತ್ತ ಕೇಳಿದಳು. ಬೀಗರಿಗೆ ಬೇಜಾರಾಯಿತು. ಅವರು ಅಷ್ಟು ನಡತೆಗೆಟ್ಟವರೇ? ಬೀಗರಿಗೆ ಕೊಡುವ ಹಣವನ್ನು ಯಾರಾದರೂ ಫೋನಿನಲ್ಲಿ ಕಳಿಸುತ್ತಾರೆಯೇ? ತಟ್ಟೆಯಲ್ಲಿ ಎಲೆ ಅಡಿಕೆ, ಹಣ್ಣು, ಹೂವಿನ ಜೊತೆ ಇಟ್ಟು, ಒಳ್ಳೆಯ ದಿನ ನೋಡಿ, ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಮನೆಗೆ ಬಂದು ಕೊಡಬೇಕು. ಹಾಗೆಂದೇ ಅವರು ಕಳ್ಳನಿಗೂ ಉತ್ತರ ಬರೆಸಿದ್ದರು. ಕಳ್ಳ, ಬೇಡ, ಈಗಲೇ ಫೋನಿನಲ್ಲಿ ಹಾಕಿ ಎಂದ. ಇವರು, ಛೆ, ಅದು ನಿಮ್ಮ ಮರ್ಯಾದೆಗೆ ಸರಿಯಲ್ಲ ಎಂದರು. ಕಳ್ಳ ಕೈಮುಗಿದ ಬೊಂಬೆಗಳನ್ನು ಸಾಲುಸಾಲಾಗಿ ಕಳಿಸಿ ಅಂಗಲಾಚಿದ. ಇವರು ಬುಧವಾರ ಗೋಧೂಳಿಗೆ ಬರುತ್ತೇವೆ, ಅಡುಗೆ ಏನೂ ಮಾಡಿಸಬೇಡಿ ಎಂದರು. ಅಲ್ಲಿಗೆ ಕಳ್ಳ ಸೋತು ಸುಮ್ಮನಾದ. ಬೀಗರು ಮಾತ್ರ ಕೊಟ್ಟ ಮಾತಿಗೆ ತಪ್ಪಬಾರದೆಂದು ಎತ್ತಿನ ದಲ್ಲಾಳಿಯನ್ನು ಕರೆಸಿದ್ದರು. ಅವನು ಬಂದು ಎತ್ತುಗಳ ಹಲ್ಲು ನೋಡಿ ಹೋಗಿದ್ದ.

ನಾನು ಎದ್ದು ಹೋಗಿ ಎತ್ತಿನ ಬೆನ್ನ ಮೇಲೆ ಕೈಯಿಟ್ಟೆ. ಇನ್ನು ಇವನ್ನು ಮಾರುವ ಮಾತಿಲ್ಲ ಎಂದೆ. ಬೀಗರು ಸಂಕೋಚದಿಂದ ಹೂಂ ಎಂದರು. ಅವರಿಗೆ ಸಂತೋಷವಾಗಿತ್ತು, ಜೊತೆಗೆ ಹುಡುಗನ ಐಬಿನ ಚಿಂತೆಯೂ ವಾಪಸು ಬಂದಿತ್ತು. ಅದನ್ನು ಆಮೇಲೆ ನೋಡಿಕೊಳ್ಳೋಣ, ಸಂಬಂಧ ಉಳಿಯಿತಲ್ಲ ಎಂದು ನಾನು ಹಗುರಾದೆ.

ಹುಡುಗಿ ಒಳಗಿನಿಂದ ನೀರು ತಂದಳು. ನಮ್ಮ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಲೋಟ ಕೊಟ್ಟು, ನನ್ನ ಎದುರಿನ ಕಂಬಕ್ಕೆ ಒರಗಿ ನಿಂತಳು. ದೂರಿನ ಕಾಗದ ಕೇಳಿ ತೆಗೆದುಕೊಂಡು ಪೂರ್ತಿ ಓದಿದಳು. ಮಡಿಸಿ ಜೋಪಾನವಾಗಿ ವಾಪಸು ಕೊಟ್ಟಳು.

“ಮೆಸೇಜು ನಿಮ್ಮದಲ್ಲ ಅಂತ ನಂಬ್ತೀನಿ ಸಾರ್,” ಎಂದಳು.

ನಿಶ್ಚಿತಾರ್ಥದಿಂದ ಈಚೆಗೆ ಅವಳು ನನ್ನನ್ನು ಮಾವ ಎನ್ನುತ್ತಿದ್ದಳು. ಸಾರ್ ಎಂದದ್ದು ನನಗೆ ಚುರುಕ್ಕೆಂದಿತು. ನಂಬಿದೆ ಎಂದ ಮೇಲೆ ಇನ್ನೇನಮ್ಮ ಎಂದೆ.

ಅವಳು ತನ್ನ ಫೋನು ತೆರೆದು ನನ್ನ ಕೈಗೆ ಕೊಟ್ಟಳು. ಶುಕ್ರವಾರ ಅಪ್ಪನಿಗೆ ಬಂದ ಮೆಸೇಜು ನೋಡಿದ ಕೂಡಲೇ ಅವಳು ನನ್ನ ಮಗನಿಗೆ ಬರೆದಿದ್ದಳು: ನಿಮ್ಮಪ್ಪ ನಮ್ಮಪ್ಪನ ಹತ್ತಿರ ದುಡ್ಡು ಕೇಳಿದ್ದಾರೆ, ನಮ್ಮಪ್ಪ ಎತ್ತು ಮಾರೋಕೆ ಹೊರಟಿದ್ದಾರೆ, ನೀನು ಏನಂತೀಯ? ಕೆಳಗೆ ಅವನ ಉತ್ತರವಿತ್ತು. ಕನ್ನಡಕ ಸರಿಮಾಡಿಕೊಂಡು ಓದಿದೆ. ‘ಅಪ್ಪ ಕೇಳಿದ್ದಾರೆ ಅಂದ್ರೆ ಏನೋ ಕಾರಣ ಇರುತ್ತೆ. ಎಲ್ಲರ ಮನೇಲೂ ಕೊಡ್ತಾರಲ್ಲ, ಇದೇನು ಜಾಸ್ತಿ ಅಲ್ಲ. ನೀನು ಮಧ್ಯ ಬರಬೇಡ, ನಿಮ್ಮಪ್ಪಂಗೆ ಕೊಡೋಕೆ ಹೇಳು.’

“ನಿಮ್ಮ ನಂಬರು ಕಳ್ಳನ ಕೈಲಿತ್ತು, ಒಪ್ಕತೀನಿ,” ಎಂದಳು ಹುಡುಗಿ. “ಇದು ಯಾರ ಕೈಲಿತ್ತು ಸಾರ್?”

ನನ್ನ ಜೇಬಿನಲ್ಲಿದ್ದ ಮೊಹರು ಹಾಕಿದ ಕಾಗದ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬೀಗರು, ಓಗ್ಲಿ ಬುಡವ್ವ, ಉಡುಗ್ರು ಏನೋ ಬರೀತಾವೆ ಎಂದು ಅವಳನ್ನು ಸಮಾಧಾನ ಮಾಡಲು ನೋಡಿದರು. ಅವಳು ಜಗ್ಗಲಿಲ್ಲ, ದನಿಯನ್ನೂ ಏರಿಸಲಿಲ್ಲ. ಒಳಗೆ ಹೋಗಿ ನಿಶ್ಚಿತಾರ್ಥದ ಉಂಗುರದ ಡಬ್ಬಿ ತಂದು ನನ್ನ ಹೆಂಡತಿಯ ಮಡಿಲಿಗೆ ಇಟ್ಟಳು. ಹೆಂಡತಿ ಬೇಡ ಎನ್ನಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹುಡುಗಿಯ ಕೆನ್ನೆ ಮುಟ್ಟಿ, “ನೀನು ಮಾಡಿದ್ದು ಸರಿ ಕಣಮ್ಮ,” ಎಂದಳು. ನನಗೆ ಅಷ್ಟು ಹೇಳುವ ಧೈರ್ಯ ಬರಲಿಲ್ಲ.

ಹಾಗೇ ಹೊರಟರೆ ಬೀಗರು ಬಿಡಲಿಲ್ಲ. ಬಾಗಿಲಿಗೆ ಬಂದವರು ಉಣ್ಣದೆ ಹೋದರೆ ಮನೆಗೆ ಒಳ್ಳೆಯದಲ್ಲ ಎಂದು ಕೂರಿಸಿದರು. ಹುಡುಗಿಯೇ ಬಡಿಸಿದಳು. ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು. ಅಷ್ಟು ರುಚಿಯಾದ ಊಟವನ್ನು ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ನುಂಗಿಲ್ಲ.

ವಾಪಸು ಬರುವಾಗ ಮಂಡ್ಯದಲ್ಲಿ ಮದ್ದೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಪೊಲೀಸ್ ಠಾಣೆಯಿಂದ ಫೋನು ಬಂತು. ಆ ಹೆಣ್ಣುಮಗಳೇ. ದೂರಿನಲ್ಲಿ ನಷ್ಟದ ವಿವರ ಖಾಲಿ ಬಿಟ್ಟಿದ್ದೀರಿ, ನಿಮ್ಮ ಕಡೆಯವರು ಯಾರಾದರೂ ಏನಾದರೂ ಕಳೆದುಕೊಂಡಿದ್ದರೆ ಸೇರಿಸುತ್ತೇನೆ ಎಂದಳು. ಸೇರಿಸುವಂಥದ್ದು ಏನೂ ಇಲ್ಲಮ್ಮ ಎಂದೆ.

ಬಸ್ಸು ಹತ್ತಿ ಕೂತ ಮೇಲೆ ಫೋನು ಮತ್ತೆ ಬಡಿದುಕೊಂಡಿತು. ಸಿಗ್ನಲ್ ಕಡ್ಡಿಗಳು ತುಂಬಿಕೊಂಡಿದ್ದವು, ಟವರಿನವರಿಗೆ ಆ ದಿನ ನನ್ನ ಮೇಲೆ ಪೂರ್ತಿ ಕೃಪೆ. ಪರದೆಯ ಮೇಲೆ ಮಗನ ಹೆಸರು. ಈಗೀಗ ನಾನು ಯಾರ ಕರೆಯನ್ನೂ ಹಾಗೇ ನಂಬುವುದಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

“ಏನಪ್ಪ, ಸರಿ ಮಾಡ್ಕೊಂಡು ಬಂದ್ರಾ? ಅವಳ ಮೆಸೇಜು ಈಗ ಬಂತು. ಅವರು ಕೊಡ್ತೀವಿ ಅಂತ ಒಪ್ಪಿದ್ರಂತಲ್ಲ, ನೀವ್ಯಾಕೆ ಹೋಗಿ ಬೇಡ ಅಂದ್ರಿ?”

ದನಿ ಅವನದೇ. ಎಷ್ಟು ಕಿವಿಗೊಟ್ಟು ಕೇಳಿದರೂ ಅವನದೇ.